ಎರಡು ಹೆಸರಿನ ಒಂದು ಓಟು

ನನ್ನ ಓಟನ್ನು ಯಾರೂ ಕದ್ದಿಲ್ಲ. ಪಟ್ಟಿಯಿಂದ ನನ್ನ ಹೆಸರು ತೆಗೆಸಿದವಳು ನಾನೇ. ಕಾಗದದ ಮೇಲಿನ ಸಹಿ ನನ್ನದೇ. ಯಾರೂ ಕೈ ಹಿಡಿದು ಬರೆಸಿಲ್ಲ, ಯಾರೂ ಹೆದರಿಸಿಲ್ಲ. ಊರಲ್ಲಿ ಇವತ್ತಿಗೂ ಮೂರು ಥರ ಮಾತಾಡುತ್ತಾರೆ. ಸೊಸೆ ತೆಗೆದಳು ಎನ್ನುವವರಿದ್ದಾರೆ, ಆ ಪಕ್ಷದವರು ತೆಗೆಸಿದರು ಎನ್ನುವವರಿದ್ದಾರೆ, ಕಂಪ್ಯೂಟರು ತಿಂದುಹಾಕಿತು ಎನ್ನುವವರೂ ಇದ್ದಾರೆ. ಮೂರೂ ಸುಳ್ಳು. ಅದರಲ್ಲಿ ಮೊದಲನೆಯ ಸುಳ್ಳನ್ನು ಬಾಯಿ ಬಿಟ್ಟು ಹೇಳಿದವಳು ನಾನೇ ಆದ್ದರಿಂದ ನಾನೇ ಬರೆದು ಮುಗಿಸಬೇಕು.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಅಕ್ಷರ ದಪ್ಪ, ಸಾಲು ಸೊಟ್ಟ. ತಪ್ಪಿದ್ದಲ್ಲಿ ಓದುವವರು ತಿದ್ದಿಕೊಳ್ಳಲಿ.

ನಮ್ಮಪ್ಪನಿಗೆ ಒಂದು ಗಂಡು, ಮೂರು ಹೆಣ್ಣು. ತವರು ಸಿಂದಗಿ ಕಡೆ, ದೇವಣಗಾಂವದ ಆಚೆ, ಭೀಮಾ ಹೊಳೆಯ ದಂಡೆಗೆ. ಅಕ್ಕನನ್ನು ಇಂಡಿ ತಾಲೂಕಿಗೆ ಕೊಟ್ಟ, ತಂಗಿಯನ್ನು ಮುದ್ದೇಬಿಹಾಳಕ್ಕೆ, ನನ್ನನ್ನು ಬಸವನ ಬಾಗೇವಾಡಿ ತಾಲೂಕಿಗೆ. ಪಂಚಮಿಗೆ ಮೂವರೂ ತವರಿಗೆ ಬಂದು ಕಟ್ಟೆಯ ಮೇಲೆ ಕುಳಿತರೆ ನಾಲ್ಕು ತಾಲೂಕು ಅಲ್ಲೇ ಕುಳಿತ ಹಾಗೆ. ಯಾವ ಕಡೆ ಯಾರು ಬರುತ್ತಾರೆ, ಯಾರು ಬೀಳುತ್ತಾರೆ, ಯಾವ ಪಕ್ಷದವರು ಎಲ್ಲಿ ಸೀರೆ ಹಂಚಿದರು, ಎಲ್ಲಿ ಬರೀ ಕೈ ಮುಗಿದು ಹೋದರು ಎಂಬುದೆಲ್ಲ ಉಂಡಿ ಕಟ್ಟುತ್ತಲೇ ಗೊತ್ತಾಗುತ್ತಿತ್ತು. ಬೆಂಗಳೂರಿನ ಸೀಟಿಗೆ ನಾವು ಬೇರೆ ಬೇರೆ. ದಿಲ್ಲಿಯ ಸೀಟಿಗೆ ನಾಲ್ಕೂ ತಾಲೂಕಿಗೆ ಒಬ್ಬನೇ ಮನುಷ್ಯ.

ಒಂದು ವರ್ಷ ಅಕ್ಕ ಹೇಳಿದ್ದು ನೆನಪಿದೆ.

"ನಮ್ಮ ಕಡೆ ಈ ಸಲ ದೇವರ ಗುಡ್ಯಾಗ ನಿಂಬಿಹಣ್ಣ ಮುಟ್ಟಿಸಿ ಆಣಿ ಮಾಡಿಸ್ಯಾರ. ಅವರಿಗೇ ಹಾಕಬೇಕಂತ."

"ಆಣಿ ಮಾಡಿದೇನ ನೀ?" ಎಂದಳು ತಂಗಿ.

"ಮಾಡಿದೆ. ಆಣಿ ಬಾಯಿ ಮಾಡ್ತು. ಓಟ ಕೈ ಹಾಕ್ತು. ಎರಡಕ್ಕೂ ಮಾತಿಲ್ಲ."

ನಗುವ ಮಾತಾದರೂ ನಮ್ಮ ಕಡೆಯ ಓಟಿನ ಕಥೆ ಪೂರ್ತಿ ಅದರಲ್ಲೇ ಇದೆ. ಕೊಡುವವನು ನಂಬುವುದಿಲ್ಲ, ಇಸಿದುಕೊಳ್ಳುವವನೂ ನಂಬುವುದಿಲ್ಲ.

ಈಗ ಹೆಸರಿನ ವಿಷಯ. ನಮ್ಮಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡನಾದವನು ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಆಮೇಲೆ ಹಳೆಯ ಹೆಸರನ್ನು ಗಂಡನ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಹೊಸ ಹೆಸರನ್ನು ತವರಿನಲ್ಲಿ ಯಾರೂ ಎತ್ತುವುದಿಲ್ಲ. ತವರಿನಲ್ಲಿ ಯಾರಾದರೂ ಗಂಡನ ಮನೆಯ ಹೆಸರು ಹಿಡಿದು ಕರೆದರೆ ಓ ಎನ್ನಬಾರದು ಎಂದು ನಮ್ಮವ್ವ ಹೇಳಿ ಕಳಿಸಿದ್ದಳು. ಓ ಎಂದರೆ ತವರಿಗೆ ಪರಕೀಯಳಾದ ಹಾಗೆ ಎಂದು ಆಕೆಯ ಲೆಕ್ಕ. ಹೀಗೆ ಐವತ್ತು ವರ್ಷ ನಾನು ಎರಡು ಮನೆಯಲ್ಲಿ ಎರಡು ಹೆಣ್ಣಾಗಿ ಬದುಕಿದೆ. ಆ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡುವ ಪ್ರಸಂಗ ಬಂದಿರಲಿಲ್ಲ.

ಮೊದಲನೆಯ ಓಟು ಹಾಕಿದ್ದು ಗಂಡನ ಮನೆಯಲ್ಲಿ. ಆಗ ಕಾಗದಕ್ಕೆ ಮುದ್ರೆ ಒತ್ತಿ ಮಡಚಿ ಡಬ್ಬಿಗೆ ಹಾಕುವುದು. ಹಿಂದಿನ ದಿನ ಮಾವನವರು ಪಡಸಾಲೆಯಲ್ಲಿ ಹೆಂಗಸರನ್ನೆಲ್ಲ ಕೂಡಿಸಿ, ಇದ್ದಲಿಯಿಂದ ನೆಲದ ಮೇಲೆ ಚಿತ್ರ ಬರೆದು, "ಇದರ ಮ್ಯಾಲ ಒತ್ತಬೇಕು, ಬ್ಯಾರೆ ಕಡೆ ಕಣ್ಣ ಹಾಯಿಸಬಾರದು" ಎಂದರು. ನಾನು ಒಳಗೆ ಹೋಗಿ ಬೇರೆ ಕಡೆ ಒತ್ತಿದೆ. ಆ ಇನ್ನೊಬ್ಬ ಒಳ್ಳೆಯವನೆಂದಲ್ಲ, ಮಾವನವರು ಅಷ್ಟು ಒತ್ತಿ ಹೇಳಿದ್ದಕ್ಕೆ ಏನೋ ಇದೆ ಎಂಬ ಸಂಶಯ ಬಂದು. ಎಣಿಕೆಯಾದ ಮೇಲೆ ಮಾವನವರು ಊಟಕ್ಕೆ ಕುಳಿತಾಗ, "ನಮ್ಮ ಮನಿಯಾಗ ಒಂದ ಓಟು ಹಾದಿ ತಪ್ಪೇತಿ" ಎಂದರು. ಅವರಿಗೆ ಹೇಗೆ ಗೊತ್ತಾಯಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಬರೀ ಹೆದರಿಸಲು ಅಂದಿರಬಹುದು. ನಾನು ತಲೆ ತಗ್ಗಿಸಿ ಸಾರು ಬಡಿಸಿದೆ. ಅವತ್ತಿನಿಂದ ಯಾವ ಡಬ್ಬಿಯನ್ನೂ ನಂಬಿಲ್ಲ, ಯಾವ ಮಶೀನನ್ನೂ ನಂಬಿಲ್ಲ. ಈಗಿನ ಮಶೀನಿನ ಪಕ್ಕದ ಗಾಜಿನಲ್ಲಿ ಚೀಟಿ ಕಾಣಿಸಿ ಬೀಳುತ್ತದಲ್ಲ, ಅದನ್ನೂ ಪೂರ್ತಿ ಬೀಳುವವರೆಗೆ ನೋಡಿಯೇ ಹೊರಗೆ ಬರುತ್ತೇನೆ.

ತವರಿನ ಪಟ್ಟಿಯಲ್ಲಿ ನನ್ನ ಹಳೆಯ ಹೆಸರು ಉಳಿದದ್ದು ಅಪ್ಪನಿಂದ. ಪಟ್ಟಿ ಬರೆಯುವವರು ಅವನ ಕಟ್ಟೆಯ ಮೇಲೆ ಕುಳಿತೇ ಬರೆಯುತ್ತಿದ್ದರು. ಮನೆಯಲ್ಲಿ ಯಾರು ಯಾರು ಎಂದರೆ ಅಪ್ಪ ಮಕ್ಕಳೆಲ್ಲರ ಹೆಸರು ಹೇಳುತ್ತಿದ್ದ. ಕೊಟ್ಟ ಹೆಣ್ಣುಮಕ್ಕಳ ಹೆಸರು ಯಾಕೆ ಎಂದು ಒಬ್ಬ ಕೇಳಿದ್ದಕ್ಕೆ, "ಜೀವಂತ ಇದ್ದವರ ಹೆಸರ ಮ್ಯಾಲ ಗೆರಿ ಎಳಿ ಅಂತ ನಾ ಹ್ಯಾಂಗ ಹೇಳ್ಲಿ" ಎಂದನಂತೆ. ಅಕ್ಕತಂಗಿಯರ ಹೆಸರು ಮುಂದೆ ಯಾವಾಗಲೋ ಹೋದವು. ನನ್ನದು ಹೋಗಲಿಲ್ಲ, ಯಾಕೆಂದರೆ ನಾನು ಹೋಗಿ ಓಟು ಹಾಕಿ ಬರುತ್ತಿದ್ದೆ. ಅಣ್ಣ ಜೀಪು ಕಳಿಸಿದ ವರ್ಷ ಅಲ್ಲಿ, ಕಳಿಸದ ವರ್ಷ ಇಲ್ಲಿ. ಒಂದೇ ಸಲ ಎರಡೂ ಕಡೆ ಹಾಕಿದ್ದೇನೆಯೇ ಎಂದರೆ, ಇಲ್ಲ. ಬೆರಳಿನ ಮಸಿ ಉಜ್ಜಿ ತೆಗೆಯುವ ಗಂಡಸರನ್ನು ನೋಡಿದ್ದೇನೆ. ನಾನು ಉಜ್ಜಲಿಲ್ಲ. ಆದರೆ ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ತಪ್ಪು ಎಂದು ಗೊತ್ತಿತ್ತು. ಗೊತ್ತಿದ್ದೇ ಇಟ್ಟುಕೊಂಡೆ. ಓಟಿನ ಕಾರ್ಡಿಗೆ ಫೋಟೋ ತೆಗೆಯಲು ಬಂದಾಗಲೂ ಎರಡೂ ಊರಿನಲ್ಲಿ ಕುಳಿತೆ.

ಅಪ್ಪ ಹೋದ ಮೇಲೆ ಅಣ್ಣ ಮೂವರಿಗೂ ಸೀರೆ ಉಡಿಸಿ, ಉಡಿ ತುಂಬಿಸಿ, ಹೊಲದ ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಮಾಡಿಸಿಕೊಂಡ. ಮಾಡಿದೆವು. ಹೊಲದ ಉತಾರದಲ್ಲಿ ನನ್ನ ಹೆಸರಿಲ್ಲ, ಮನೆಯ ಕಾಗದದಲ್ಲಿ ಇಲ್ಲ. ಸರಕಾರ ಛಾಪಿಸಿದ ಕಾಗದಗಳಲ್ಲಿ ನಾನು ಆ ಮನೆಯ ಮಗಳು ಎಂದು ಇದ್ದದ್ದು ಓಟಿನ ಪಟ್ಟಿ ಒಂದರಲ್ಲೇ. ಅದನ್ನು ಬಿಡಲು ಮನಸ್ಸಾಗಲಿಲ್ಲ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ನಡುವೆ ಒಂದು ಸಲ ಕ್ಷೇತ್ರಗಳ ಗಡಿ ಬದಲಾಯಿತು. ನಾವು ಕುಳಿತಲ್ಲಿಂದ ಏಳಲಿಲ್ಲ, ಊರು ಮಾತ್ರ ಒಂದು ಸೀಟಿನಿಂದ ಎದ್ದು ಇನ್ನೊಂದಕ್ಕೆ ಹೋಗಿ ಕುಳಿತಿತು. ತಾಲೂಕು ಬಾಗೇವಾಡಿ, ಓಟು ದೇವರ ಹಿಪ್ಪರಗಿ. ಆ ಹೊತ್ತಿನಲ್ಲೇ ದಿಲ್ಲಿಯ ಸೀಟು ಮೀಸಲಿಗೆ ಹೋಯಿತು. ನಮ್ಮ ಓಣಿಯ ಗಂಡಸರು "ಇನ್ನ ನಮಗೇನ ಕೆಲಸ ಅಲ್ಲಿ" ಎಂದು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತರು. ನಾನು ಹೋದೆ. ಮೊದಲೆಲ್ಲ ನಮ್ಮವರದು ಮುಗಿಯುವವರೆಗೆ ಓಟು ನಡೆಯುವ ಕನ್ನಡ ಸಾಲಿಯ ಗೋಡೆಗೆ ನಿಲ್ಲುತ್ತಿದ್ದ ಊರಾಚೆಯ ಕೇರಿಯ ಮುದುಕ ಅವತ್ತು ಸಾಲಿನಲ್ಲಿ ಎಲ್ಲರಿಗಿಂತ ಮುಂದಿದ್ದ. ನನ್ನನ್ನು ಕಂಡು ಸರಿಯಲು ನೋಡಿದ. "ನಿಲ್ಲೋ ಮಾರಾಯಾ, ನಿನ್ನ ಪಾಳಿ ಮದ್ಲ ಬಂದೈತಿ" ಎಂದೆ. ಅವನಿಗೂ ನನ್ನ ಮೇಲೆ ಸಂಶಯ ಬಂದಿರಬೇಕು, ಹಿಂದೆ ಹಿಂದೆ ನೋಡುತ್ತಲೇ ಒಳಗೆ ಹೋದ.

ಈಗ ಸೊಸೆ. ನಮ್ಮ ಊರ ಕನ್ನಡ ಸಾಲಿಯಲ್ಲೇ ಟೀಚರು. ಮನೆಗೆ ಬಂದು ಇಪ್ಪತ್ತು ವರ್ಷ. ಕೆಲಸದವಳು, ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ನಾನು ನಂಬುವುದಿಲ್ಲ. ಸಾಲಿ ಕೆಲಸದ ಮೇಲೆ ಓಟಿನ ಪಟ್ಟಿಯ ಕೆಲಸವನ್ನೂ ಆಕೆಯ ತಲೆಗೆ ಹಾಕಿದ್ದಾರೆ. ಮನೆ ಮನೆಗೆ ಹೋಗಿ ಯಾರು ಸತ್ತರು, ಯಾರು ಬಂದರು, ಯಾರು ಊರು ಬಿಟ್ಟರು ಎಂದು ಬರೆಯಬೇಕು. ಕೊನೆಗೆ ನಮ್ಮ ಮನೆಯ ಸರದಿ ಬಂದಾಗ ಅಡಿಗೆ ಮನೆಯ ಬಾಗಿಲಲ್ಲೇ ಕುಳಿತು ಕೇಳಿದಳು.

"ಅತ್ಯಾರ, ನಿಮ್ಮ ಹೆಸರು ತವರಮನಿ ಕಡೆ ಇನ್ನೂ ಐತೇನ್ರಿ?"

"ನಂದ್ಯಾಕ ಇರ್ತೈತಿ ಅಲ್ಲಿ? ಇಲ್ಲಿಗೆ ಬಂದು ಐವತ್ತ ವರ್ಷಾತು."

"ಹಂಗಾದ್ರ ಇಲ್ಲ ಅಂತ ಬರೀತೇನಿ."

"ಬರಿ."

ಸರಕಾರದ ಕಣ್ಣು ಅಡಿಗೆ ಮನೆಯ ತನಕ ಬಂತಲ್ಲ ಎಂದುಕೊಂಡೆ. ಸುಳ್ಳು ಹೇಳಿದ್ದಕ್ಕೆ ಅವತ್ತು ನನಗೆ ಏನೂ ಅನ್ನಿಸಲಿಲ್ಲ.

ಆ ವರ್ಷ ಪಂಚಮಿಗೆ ತವರಿಗೆ ಹೋದೆ. ಮೂರನೆಯ ದಿನ ಅಲ್ಲಿಯ ಸಾಲಿ ಮಾಸ್ತರು, ನನ್ನ ಸೊಸೆ ಮಾಡುವ ಕೆಲಸವನ್ನೇ ಅಲ್ಲಿ ಮಾಡುವವರು, ಕೈಯಲ್ಲಿ ಮೊಬೈಲು ಹಿಡಿದು ಬಂದರು. ಅಣ್ಣ ತೂಗುಮಂಚದ ಮೇಲೆ, ಅವನ ಹೆಂಡತಿ ವೈನಿ ಬಾಗಿಲಲ್ಲಿ, ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದೆ.

"ಅಜ್ಜಿಯಾರ, ಈ ಫೋಟೋ ನಿಮ್ಮದ ಹೌದಲ್ರಿ?"

"ಹೌದು."

"ಇಂಥದ್ದೇ ಫೋಟೋ ಬಾಗೇವಾಡಿ ತಾಲೂಕಿನ್ಯಾಗೂ ಐತ್ರಿ. ಹೆಸರ ಬ್ಯಾರೆ ಐತಿ. ಕಂಪ್ಯೂಟರ್ ಹಿಡದೈತಿ." ಎಂದವರೇ ನನ್ನ ಗಂಡನ ಮನೆಯ ಹೆಸರನ್ನು ತವರಿನ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದರು. "ಈಕಿ ಯಾರ್ರಿ?"

ಐವತ್ತು ವರ್ಷದಲ್ಲಿ ಆ ಅಂಗಳದಲ್ಲಿ ಆ ಹೆಸರು ಬಿದ್ದದ್ದು ಅದೇ ಮೊದಲು. ವೈನಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅಣ್ಣ ಮಾಸ್ತರರನ್ನು ನೋಡಲಿಲ್ಲ, ನನ್ನನ್ನು ನೋಡಿದ. ನನಗೆ ಅನ್ನಿಸಿದ್ದು ಒಂದೇ: ಇವನು ಇಲ್ಲಿಯ ಹೆಸರು ಹೊಡೆಯಲು ಬಂದಿದ್ದಾನೆ, ಅಣ್ಣನೇ ಕರೆಸಿರಬೇಕು.

"ಆ ಹೆಸರಿನಾಕಿ ಈ ಮನಿಯಾಗ ಯಾರೂ ಇಲ್ಲ" ಎಂದೆ.

"ಹಂಗಾದ್ರ ಆ ಕಡೀದು ತಗಸಲೇನ್ರಿ? ಒಂದ ಕಡೆ ಇರಬೇಕಂತ ನಿಯಮ ಐತಿ. ಸಹಿ ಹಾಕಬೇಕಾಕ್ಕೈತಿ."

"ಇಲ್ಲದಾಕಿನ್ನ ಇಟ್ಕೊಂಡು ಏನ ಮಾಡ್ತೀರಿ? ತಗಸ್ರಿ."

ಅವರು ಕಾಗದ ಕೊಟ್ಟರು. ನನ್ನ ಹಳೆಯ ಹೆಸರು ಬರೆದು ಸಹಿ ಮಾಡಿದೆ. ಜೋಳದ ಧೂಳಿನ ಬೆರಳಿನ ಗುರುತೂ ಬಿತ್ತು. ನನ್ನ ಬುದ್ಧಿ ಎಷ್ಟು ದೂರ ಓಡಿತ್ತು ಎಂದರೆ, ತವರಿನಲ್ಲಿ ಆಡಿದ ಮಾತು ತವರಿನಲ್ಲೇ ಉಳಿಯುತ್ತದೆ ಎಂದುಕೊಂಡಿದ್ದೆ. ಮೊದಲಿನಿಂದ ಹಾಗೇ ಉಳಿದಿತ್ತು. ಎರಡು ಊರಿನ ಪಟ್ಟಿ ಒಂದೇ ಪುಸ್ತಕ ಎಂದು ನನಗೆ ಯಾರು ಹೇಳಿದ್ದರು?

ಒಂದು ತಿಂಗಳಾದ ಮೇಲೆ ಇಲ್ಲಿಗೆ ರಜಿಸ್ಟರ್ ಕವರು ಬಂತು. ಸೊಸೆ ಸಾಲಿಗೆ ಹೋಗಿದ್ದಳು.

"ತಗೋರಿ ಅಜ್ಜಿ, ಇಲ್ಲಿ ಸಹಿ ಮಾಡ್ರಿ" ಎಂದ ಅಂಚೆಯವನು.

"ಎಲ್ಲಿಂದ ಬಂದೈತಿ?"

"ಸರಕಾರದ್ದು."

"ನಾ ಸಹಿ ಮಾಡೂದಿಲ್ಲ. ಸಹಿ ಮಾಡಿ ಮಾಡಿನ ಹೊಲ ಹೋಗೇತಿ."

"ನಿಮ್ಮ ಒಳ್ಳೇದಕ್ಕ ಇರಬಹುದ್ರಿ."

"ಸರಕಾರ ರಜಿಸ್ಟರ್ ಮಾಡಿ ಒಳ್ಳೇದು ಕಳಸ್ತೈತೇನು? ಒಯ್ಯಿ."

ಅವನು ಕವರಿನ ಮೇಲೆ ಏನೋ ಬರೆದುಕೊಂಡು ವಾಪಸು ಒಯ್ದ. ನಿಮ್ಮ ಹೆಸರು ತೆಗೆಯುತ್ತಿದ್ದೇವೆ, ತಕರಾರಿದ್ದರೆ ಹೇಳಿ ಎಂದು ಕೇಳುವ ಕಾಗದ ಅದು. ಹೀಗೆ ಕೇಳಲು ಬಂದವರನ್ನೂ ನಾನೇ ತಿರುಗಿಸಿ ಕಳಿಸಿದೆ.

ಮುಂದೆ ದಿಲ್ಲಿಯ ಓಟು ಬಂತು. ಓಟಿಗೆ ಎರಡು ದಿನ ಮುಂಚೆ ಸೊಸೆ ಊರಿಗೆಲ್ಲ ಚೀಟಿ ಹಂಚಿದಳು. ನಮ್ಮ ಮನೆಯಲ್ಲಿ ಮಗನದು ಬಂತು, ಆಕೆಯದು ಬಂತು, ನನ್ನದು ಬರಲಿಲ್ಲ.

"ನಂದೆಲ್ಲಿ?"

"ಹುಡುಕೇನ್ರಿ, ಸಿಗಲಿಲ್ಲ. ಕಡೀಗೆ ಬಂದ ಪುರವಣಿ ಪಟ್ಟಿ ಇನ್ನೂ ನೋಡಿಲ್ಲ. ಬೂತಿನ್ಯಾಗ ಇರ್ತೈತಿ, ಬರ್ರಿ."

ನನಗೆ ಮಲಗಿದರೂ ಅದೇ. ಒಂದು ವಾರದ ಹಿಂದೆ ಊಟ ಮಾಡುತ್ತ, ಈ ಸಲ ಇಂಥವರಿಗೆ ಹಾಕುತ್ತೇನೆ ಎಂದಿದ್ದೆ. ಸೊಸೆ ಏನೂ ಅನ್ನಲಿಲ್ಲ. ಆಕೆಯ ತವರಿನವರು ಎದುರು ಪಕ್ಷದ ಕಡೆ. ಎರಡನ್ನೂ ಕೂಡಿಸಿದೆ. ನನ್ನಂಥವರಿಗೆ ಕೂಡಿಸಲು ಬಹಳ ಹೊತ್ತು ಬೇಕಿಲ್ಲ.

ಓಟಿನ ದಿನ ಬಿಸಿಲೇರುವ ಮುಂಚೆ ಸಾಲಿನಲ್ಲಿ ನಿಂತೆ. ಒಳಗಿನ ಅಧಿಕಾರಿ ಪಟ್ಟಿಯ ಮೇಲೆ ಬೆರಳು ಓಡಿಸಿ, ನನ್ನ ಫೋಟೋದ ಮೇಲೆ ನಿಲ್ಲಿಸಿದ. ಫೋಟೋದ ಮೇಲೆ ಅಡ್ಡ ಮುದ್ರೆ ಬಿದ್ದಿತ್ತು.

"ನಿಮ್ಮ ಹೆಸರ ತಗದಾರ್ರಿ ಅಜ್ಜಿ. ಓಟ ಹಾಕಾಕ ಬರೂದಿಲ್ಲ."

"ನಾ ಸತ್ತೇನೇನು?"

"ಯಾಕ ತಗದಾರ ಅಂತ ಇದರಾಗ ಇಲ್ಲ. ಹೊರಗ ಬಿ.ಎಲ್.ಓ. ಅಕ್ಕೋರ ಅದಾರ, ಅವರನ್ನ ಕೇಳ್ರಿ."

ಪಟ್ಟಿ ಬರೆಯುವ ಆ ಅಕ್ಕೋರು ನನ್ನ ಸೊಸೆಯೇ. ಹೊರಗೆ ಬೇವಿನ ಗಿಡದ ಕೆಳಗೆ ಟೇಬಲ್ಲು ಹಾಕಿಕೊಂಡು ಕುಳಿತಿದ್ದಳು. ಸಾಲಿನಲ್ಲಿ ಅರ್ಧ ಊರಿತ್ತು.

"ಏನವಾ ಅಕ್ಕೋರ," ಎಂದೆ, "ಊರ ಮಂದಿ ಹೆಸರೆಲ್ಲ ಕಾಯ್ತಿ, ಮನ್ಯಾಗಿನ ಮುದುಕೀನ ಹೊಡದ ಒಗದಿ?"

"ಅತ್ಯಾರ, ಇಲ್ಲಿ ಬ್ಯಾಡ್ರಿ. ನಾ ಮಾಡಿಲ್ಲ. ನೋಡ್ತೇನಿ ತಡೀರಿ."

"ನೀ ಮಾಡಿಲ್ಲಂದ್ರ ಯಾರ ಮಾಡ್ಯಾರ? ನಮ್ಮ ಎಮ್ಮಿ ಮಾಡೇತೇನು?"

ಸಾಲಿನಲ್ಲಿದ್ದವರು ನಕ್ಕರು. ಸೊಸೆಯ ಮುಖ ಕೆಂಪಾಯಿತು, ಪಟ್ಟಿಯ ಹಾಳೆ ತಿರುವುತ್ತಲೇ ಇದ್ದಳು. ಅಷ್ಟರಲ್ಲಿ ಒಂದು ಪಕ್ಷದ ಮುಖಂಡ ಬಂದ. ನಮ್ಮ ಮನೆಯಲ್ಲಿ ಎಂದೂ ಒಂದು ತಂಬಿಗೆ ನೀರು ಕುಡಿದವನಲ್ಲ. ಅವತ್ತು ನನ್ನನ್ನು "ಅವ್ವಾ" ಎಂದ. ಅಲ್ಲೇ ಒಬ್ಬನಿಂದ ದೂರು ಬರೆಸಿದ: ಈ ಟೀಚರು ತನಗೆ ಬೇಡವಾದವರ ಹೆಸರು ತೆಗೆಯುತ್ತಾಳೆ, ಸ್ವಂತ ಅತ್ತೆಯನ್ನೂ ಬಿಟ್ಟಿಲ್ಲ, ವಿಚಾರಣೆಯಾಗಬೇಕು.

"ಅವ್ವಾ, ನೀ ಒಂದ ಸಹಿ ಹಾಕಿದ್ರ ಸಾಕು."

ಅಂಚೆಯವನಿಗೆ ಸಹಿ ಮಾಡದವಳು ಅವನಿಗೆ ಮಾಡಿದೆ.

ಹದಿನೈದು ದಿನದಲ್ಲಿ ಸೊಸೆಗೆ ನೋಟೀಸು ಬಂತು. ಓಟಿನ ಕೆಲಸದಲ್ಲಿ ಬೇಕೆಂದೇ ತಪ್ಪು ಮಾಡಿದ್ದರೆ ನೌಕರಿಯಿಂದ ಅಮಾನತು ಎಂದು ಬರೆದಿತ್ತು. ಆಕೆ ನೋಟೀಸು ಓದಿ ಮಡಚಿ, ರೊಟ್ಟಿ ಬಡಿಯಲು ಕುಳಿತಳು. ಮಗ ನಮ್ಮಿಬ್ಬರ ಮುಖ ನೋಡುವುದನ್ನು ಬಿಟ್ಟ. ಸಾಲಿಯಲ್ಲಿ ಉಳಿದ ಟೀಚರುಗಳು ಆಕೆಯ ಜೊತೆ ಡಬ್ಬಿ ಬಿಚ್ಚುವುದಿಲ್ಲ ಎಂದು ಪಕ್ಕದ ಮನೆಯವಳು ಬಂದು ನನಗೇ ಹೇಳಿದಳು, ಸಂತೋಷದ ಸುದ್ದಿ ಎಂಬಂತೆ. ಮಾಡಿದ್ದು ಉಣ್ಣಲಿ ಎಂದೇ ನನ್ನ ಮನಸ್ಸಿನಲ್ಲಿತ್ತು.

ವಿಚಾರಣೆಯ ದಿನ ಇಬ್ಬರೂ ಒಂದೇ ಬಸ್ಸಿಗೆ ತಾಲೂಕು ಕಚೇರಿಗೆ ಹೋದೆವು, ಬೇರೆ ಬೇರೆ ಸೀಟಿನಲ್ಲಿ. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಬೇಕು. ನನ್ನ ಕಾರ್ಡಿನ ಮೇಲೆ ಗಂಡನ ಮನೆಯ ಹೆಸರು. ಕಂಡಕ್ಟರು ಅದನ್ನು ಓದಿ ವಾಪಸು ಕೊಟ್ಟ. ಅಲ್ಲಿಯ ತನಕ ಎಲ್ಲ ಸರಿಯಿತ್ತು.

ಸಾಹೇಬರು ಫೈಲು ಬಿಚ್ಚಿ ಒಂದು ಕಾಗದ ನನ್ನ ಕಡೆ ತಿರುಗಿಸಿದರು.

"ಅಜ್ಜಿ, ಈ ಅರ್ಜಿ ಮ್ಯಾಲ ನಿಮ್ಮ ಹೆಸರು ತಗದಾರ. ಸಿಂದಗಿ ಕಡೆಯಿಂದ ಬಂದೈತಿ. ಈ ಸಹಿ ಯಾರದು?"

ನೋಡಿದೆ. ನನ್ನ ಹಳೆಯ ಹೆಸರು. ಮೊದಲನೆಯ ಅಕ್ಷರದ ತಲೆಕಟ್ಟನ್ನು ನಾನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತೇನೆ, ಮಾಸ್ತರು ಎಷ್ಟು ಹೊಡೆದರೂ ಹೋಗದ ಚಾಳಿ. ಪಕ್ಕದಲ್ಲಿ ಜೋಳದ ಧೂಳಿನ ಬೆರಳು. ಸೊಸೆ ನನ್ನ ಬಲಕ್ಕೆ ನಿಂತಿದ್ದಳು. ಆಕೆಯ ಕಣ್ಣೂ ಆ ಕಾಗದದ ಮೇಲಿತ್ತು.

ಆಗಲೇ ಹೇಳಬೇಕಿತ್ತು. ಊರ ಮುಂದೆ ಆಕೆಗೆ ಆಡಿದ ಮಾತು ನೆನಪಾಯಿತು, ನಾಲಿಗೆ ಬೇರೆ ಕಡೆ ಹೊರಳಿತು.

"ಆ ಹೆಸರಿನಾಕಿ ನಮ್ಮ ಮನಿಯಾಗ ಯಾರೂ ಇಲ್ಲ" ಎಂದೆ.

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ತವರಿನ ಅಂಗಳದಲ್ಲಿ ಆಡಿದ ಮಾತನ್ನೇ ಆಡಿದ್ದೆ. ಅಲ್ಲಿ ಇಲ್ಲಿಯವಳನ್ನು ಇಲ್ಲವೆಂದೆ, ಇಲ್ಲಿ ಅಲ್ಲಿಯವಳನ್ನು ಇಲ್ಲವೆಂದೆ.

ಸಾಹೇಬರು ಪೆನ್ನು ಕೆಳಗಿಟ್ಟರು. "ಹಂಗಾದ್ರ ಇದು ಖೊಟ್ಟಿ ಸಹಿ ಆತು. ಖೊಟ್ಟಿ ಸಹಿ ಅಂದ್ರ ಪೊಲೀಸರಿಗೆ ಬರೀಬೇಕಾಕ್ಕೈತಿ. ಅಲ್ಲಿನ ಮಾಸ್ತರನ್ನೂ ಕರಸ್ತೀವಿ, ಇಲ್ಲಿ ನಿಮ್ಮ ಸೊಸೀನೂ ಕೇಳ್ತೀವಿ. ಮನಿಯೊಳಗಿನವರಿಗೇ ನಿಮ್ಮ ಫೋಟೋ, ನಂಬರ್ ಸಿಗೂದು. ನೀವು ಈಗ ಹೇಳಿದ್ದನ್ನ ನಾಳೆ ಮುಂಜಾನೆ ಬಂದು ಬರದು ಕೊಡ್ರಿ."

ಸೊಸೆ ನೋಟೀಸನ್ನು ಚೀಲದೊಳಗೆ ಇಟ್ಟುಕೊಂಡು ಹೊರಗೆ ನಡೆದಳು. ಬಸ್ಸಿನಲ್ಲಿ ಈ ಸಲ ನನ್ನ ಪಕ್ಕದಲ್ಲೇ ಕುಳಿತಳು. ಅದೇ ನನಗೆ ಹೆಚ್ಚು ಸಂಶಯ ತಂದಿತು.

ಸಂಜೆ ಅಡಿಗೆ ಮನೆಯಲ್ಲಿ ಶೇಂಗಾ ಚಟ್ನಿಯ ಡಬ್ಬಿ ಇಳಿಸಿದಳು. ಡಬ್ಬಿಗಳ ಮೇಲೆಲ್ಲ ಚೀಟಿ ಅಂಟಿಸಿ ಹೆಸರು ಬರೆದವಳು ನಾನೇ. ಇಪ್ಪತ್ತು ವರ್ಷದಿಂದ ದಿನಾ ಎರಡು ಹೊತ್ತು ಆಕೆ ಓದುವುದು ನನ್ನ ಅಕ್ಷರವನ್ನೇ. ಆ ಚೀಟಿಯ ಮೇಲೆ ಬೆರಳಾಡಿಸಿದಳು.

"ಅತ್ಯಾರ."

"ಏನು?"

"ಚಂದ ಐತ್ರಿ ಹೆಸರು."

"ಯಾವುದು?"

"ಕಾಗದದ ಮ್ಯಾಲಿನ ಹೆಸರು. ಇಪ್ಪತ್ತ ವರ್ಷಾತು ಮನಿಗೆ ಬಂದು, ನಿಮ್ಮ ತವರಮನಿ ಹೆಸರ ಏನಿತ್ತು ಅಂತ ನಾ ಎಂದೂ ಕೇಳಿಲ್ಲ. ನೀವೂ ನಂದು ಕೇಳಿಲ್ಲ."

ಹೌದು, ಕೇಳಿಲ್ಲ. ನಮ್ಮ ಮಗ ಅಕ್ಕಿಯಲ್ಲಿ ಬರೆದದ್ದೇ ಆಕೆಯ ಹೆಸರು ಎಂದು ನಡೆದು ಹೋಗಿತ್ತು.

"ಸಾಹೇಬರ ಮುಂದ ಯಾಕ ಹೇಳಲಿಲ್ಲ ನೀ?"

"ಸಹಿ ನಂದಲ್ಲಲ್ರಿ" ಎಂದಳು. ಡಬ್ಬಿಯ ಮುಚ್ಚಳ ತೆಗೆದು ನನ್ನ ತಾಟಿಗೆ ಚಟ್ನಿ ಹಾಕಿದಳು.

ಬೈದಿದ್ದರೆ ನಾನು ಎರಡು ಬೈದು ಗಟ್ಟಿಯಾಗಿ ಉಳಿಯುತ್ತಿದ್ದೆ. ಬೈಯಲಿಲ್ಲ. ಇದರಲ್ಲೇನೋ ಇದೆ ಎಂದು ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ.

ಮರುದಿನ ಮುಂಜಾನೆ ಮೊದಲನೆಯ ಬಸ್ಸಿಗೆ ಒಬ್ಬಳೇ ಹೋದೆ. ಕಚೇರಿ ಬಾಗಿಲು ತೆರೆದಿರಲಿಲ್ಲ. ಗೇಟಿನ ಬಳಿ ಅರ್ಜಿ ಬರೆಯುವವನು "ಬರ್ರಿ ಅಜ್ಜಿ, ಬರದು ಕೊಡ್ತೇನಿ" ಎಂದ. ಅವನಿಂದ ಹಾಳೆ, ಪೆನ್ನು ಅಷ್ಟೇ ಇಸಿದುಕೊಂಡೆ. ಕಟ್ಟೆಯ ಮೇಲೆ ಕುಳಿತು, ಮೊದಲನೆಯ ಸಾಲಿನಲ್ಲಿ ನನ್ನ ಎರಡೂ ಹೆಸರು ಪಕ್ಕ ಪಕ್ಕ ಬರೆದೆ. ಆ ಎರಡು ಹೆಸರು ಒಂದೇ ಸಾಲಿನಲ್ಲಿ ಬಂದದ್ದು ಅದೇ ಮೊದಲು. ಕೆಳಗೆ ಬರೆದದ್ದು ಇಷ್ಟು: ಈ ಇಬ್ಬರೂ ನಾನೇ. ಸಹಿ ನನ್ನದೇ. ಕವರು ತಿರುಗಿಸಿದವಳೂ ನಾನೇ. ನಿನ್ನೆ ಹೇಳಿದ್ದು ಸುಳ್ಳು. ಸೊಸೆಯದು ತಪ್ಪಿಲ್ಲ, ಆ ಊರ ಮಾಸ್ತರರದೂ ತಪ್ಪಿಲ್ಲ.

ಸಾಹೇಬರು ಬಂದು ಓದಿದರು, ಎರಡು ಸಲ. ಸುಳ್ಳು ಹೇಳಿಕೆಗೆ ಏನು ಶಿಕ್ಷೆ ಇದೆ ಗೊತ್ತೇ ಎಂದರು. "ಇದ್ದದ್ದು ಕೊಡ್ರಿ" ಎಂದೆ. ಅವರು ಆ ಕಾಗದವನ್ನು ಸೊಸೆಯ ವಿಚಾರಣೆಯ ಫೈಲಿಗೆ ಹಚ್ಚಿದರು. ಎರಡರಲ್ಲಿ ಒಂದೇ ಹೆಸರು ಇರಬೇಕು, ಯಾವುದು ತೆಗೆಯಲಿ ಎಂದರು. ತವರಿನದು ತೆಗೆಯಿರಿ ಎಂದೆ. ಅದಕ್ಕೊಂದು ಅರ್ಜಿ, ಇಲ್ಲಿಯದನ್ನು ಮತ್ತೆ ಸೇರಿಸಲು ಇನ್ನೊಂದು ಅರ್ಜಿ. ಎರಡಕ್ಕೂ ಸಹಿ ಮಾಡಿದೆ. ಹಳೆಯ ಹೆಸರನ್ನು ನಾನು ಬರೆದದ್ದು ಅದೇ ಕೊನೆ.

"ಆತು, ಹೋಗ್ರಿ ಅಜ್ಜಿ" ಎಂದ ಟೇಬಲ್ಲಿನ ಕಾರಕೂನ.

"ಪೋಚು ಕೊಡ್ರಿ." ಕಾಗದ ಮುಟ್ಟಿತು ಎಂದು ಮುದ್ರೆ ಒತ್ತಿದ ಚೀಟಿ ಅದು.

"ಮುದ್ರೆ ಒಳಗೈತಿ, ಸಂಜಿಕ ಬರ್ರಿ."

"ಇಲ್ಲೇ ಕೂಡ್ತೇನಿ."

ಕುಳಿತೆ. ಊಟದ ಹೊತ್ತು ಬಂತು, ಕಾರಕೂನ ಡಬ್ಬಿ ಬಿಚ್ಚಿ ಉಂಡು ಕೈ ತೊಳೆದು ಬಂದ. ನಾನು ಕುರ್ಚಿ ಬಿಡಲಿಲ್ಲ. ಕೊನೆಗೆ ಒಳಗೆ ಹೋಗಿ ಮುದ್ರೆ ತಂದು ಮೂರೂ ಕಾಗದದ ನಕಲಿನ ಮೇಲೆ ಒತ್ತಿದ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಹೆಸರು ಸರಿ ಇದೆಯೇ ಎಂದು ಅಕ್ಷರ ಅಕ್ಷರ ಓದಿ, ಮಡಚಿ, ಕುಬಸದೊಳಗೆ ಇಟ್ಟುಕೊಂಡು ಬಸ್ಸಿಗೆ ನಡೆದೆ.